ನಲವತ್ತು ಸೆಕೆಂಡಿನ ಕೂಗು

ಬಾಗಿಲ ಮೇಲಿನ ಕೆಂಪು ದೀಪ ಆರಿದಾಗ ಹನ್ನೊಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ನಯನಾ ಎದ್ದು ಹೋಗಿ ಹಿಡಿಕೆ ಎಳೆದಳು. ದಪ್ಪ ಬಾಗಿಲು ಹೊರಕ್ಕೆ ತೆರೆದುಕೊಂಡಿತು. ಅದಕ್ಕೆ ಒರಗಿ ಕೂತಿದ್ದ ಪಂಚಾಕ್ಷರಪ್ಪನವರು ಪಕ್ಕಕ್ಕೆ ವಾಲಿ ಹೊಸ್ತಿಲ ಮೇಲೆ ಬಿದ್ದರು. ಬಲಗೈ ಬಾಗಿಲು ಬಡಿಯುವ ಹಾಗೆ ಮುಷ್ಟಿ ಕಟ್ಟಿಕೊಂಡೇ ಇತ್ತು. ಉಸಿರು ನಿಂತು ಹೋಗಿತ್ತು.

ಬೆಂಚಿನ ಮೇಲೆ ಕೂತಿದ್ದ ನಯನಾಳ ತಂದೆ ನಾಗಭೂಷಣ್ ಆ ಹೊತ್ತಿಗೆ ಚಪ್ಪಾಳೆ ತಟ್ಟಲು ಎರಡೂ ಕೈ ಎತ್ತಿಯಾಗಿತ್ತು. ಆ ಕೈಗಳನ್ನು ಎಲ್ಲಿಡಬೇಕು ಎನ್ನುವುದು ಅವನಿಗೆ ಬಹಳ ಹೊತ್ತು ತಿಳಿಯಲಿಲ್ಲ. ಏಕೆಂದರೆ ಸತ್ತವರ ಕೂಗನ್ನು ಅವನು ಕೇಳಿದ್ದ. ಅಲ್ಲಿದ್ದವರೆಲ್ಲ ಕೇಳಿದ್ದರು. "ಬಾಗಿಲು ತೆಗೀರಿ" ಎಂದು ಆ ಮುದುಕ ಗೋಗರೆಯುತ್ತಿದ್ದಾಗ ಇವರೆಲ್ಲ ಸ್ಪೀಕರಿನ ಮುಂದೆ ಕೂತು, ಎಂಥಾ ನಟನೆ ಎಂದು ತಲೆದೂಗಿದ್ದರು.

ನಡೆದದ್ದು ಹರಿಹರದಲ್ಲಿ, ಪಿ.ಬಿ. ರಸ್ತೆಯ ಹಿಂದಿನ ಓಣಿಯಲ್ಲಿ. ಅಲ್ಲಿ ಐಸ್‌ಕ್ರೀಂ ದಾಸ್ತಾನಿಡುತ್ತಿದ್ದ ಒಂದು ಹಳೆಯ ಕಟ್ಟಡವನ್ನು ವಿಜಯಕುಮಾರ್ ಎನ್ನುವವರು ಬಾಡಿಗೆಗೆ ಹಿಡಿದು ಡಬ್ಬಿಂಗ್ ಸ್ಟುಡಿಯೋ ಮಾಡಿದ್ದರು. ಹೊಸದಾಗಿ ದನಿ ಮುದ್ರಿಸುವ ಕೋಣೆ ಕಟ್ಟುವ ಬದಲು ಅಲ್ಲಿದ್ದ ಶೀತಲ ಕೋಣೆಯನ್ನೇ ದನಿಕೋಣೆ ಮಾಡಿಕೊಂಡಿದ್ದರು. ಕಿಟಕಿ ಇಲ್ಲ, ಗೋಡೆ ಗೇಣುದ್ದ ದಪ್ಪ, ಬಾಗಿಲು ಮುಚ್ಚಿದರೆ ತಾನಾಗಿ ಭದ್ರವಾಗುತ್ತದೆ. ಹೊರಗಿಂದ ಯಾರು ಬೇಕಾದರೂ ತೆಗೆಯಬಹುದು. ಒಳಗಿಂದ ತೆಗೆಯಲು ಅಣಬೆಯಂಥ ಒಂದು ಉಕ್ಕಿನ ಗುಬಟು ಇದೆ, ಅದನ್ನು ಒತ್ತಬೇಕು.

ಅಲ್ಲಿ ತಯಾರಾಗುತ್ತಿದ್ದದ್ದು ಜಪಾನಿನ ಒಂದು ಅನಿಮೆ ಕಾರ್ಟೂನ್ ಸರಣಿಯ ಕನ್ನಡ ರೂಪ. ರೇಯಿಕಾ ಎಂಬ ಇಪ್ಪತ್ತೆರಡರ ಹುಡುಗಿ ದೇಶ ದೇಶಗಳಿಗೆ ಮದ್ದುಗುಂಡು ಮಾರುವವಳು. ಅವಳ ಬೆನ್ನಿಗೆ ಏಳು ಮಂದಿ ಬಾಡಿಗೆ ಸೈನಿಕರು. ಅವಳ ಎದುರಾಳಿ ಗೋರೋ ಎಂಬ ಮುದಿ ಶಸ್ತ್ರಾಸ್ತ್ರ ವ್ಯಾಪಾರಿ. ಇವರಿಗೆಲ್ಲ ದನಿ ಕೊಡುತ್ತಿದ್ದವರು ಮುಚ್ಚಿಹೋದ ಒಂದು ನಾಟಕ ಕಂಪನಿಯ ಹಳೆಯ ಕಲಾವಿದರು. ಕಂಪನಿಯ ಮಾಲೀಕರೂ ನಾಯಕನಟರೂ ಆಗಿದ್ದ ಪಂಚಾಕ್ಷರಪ್ಪನವರೇ ಗೋರೋ. ಅರವತ್ತೊಂದರ ನೀಲಕ್ಕ ರೇಯಿಕಾ. ಅವರ ಮೊಣಕಾಲು ಮಾತು ಕೇಳುವುದಿಲ್ಲ, ದನಿ ಮಾತ್ರ ಇಪ್ಪತ್ತೆರಡರಲ್ಲೇ ನಿಂತಿದೆ. ಕಂಪನಿಯಲ್ಲಿ ಸದಾ ಎರಡನೇ ಪಾತ್ರ ಮಾಡುತ್ತಿದ್ದ ಕೊಟ್ಟೂರೇಶಪ್ಪನ ಒಡಕು ದನಿ ಏಳು ಸೈನಿಕರಲ್ಲಿ ನಾಲ್ವರಿಗೂ ಗೋರೋನ ಸೈನಿಕರಿಗೂ ಸಾಕಾಗಿತ್ತು. ಬಂದೂಕಿನ ಸದ್ದೂ ಆತನದೇ. ನಟ್ಟು ಬೋಲ್ಟು ತುಂಬಿದ ಹಳೆಯ ಬಿಸ್ಕತ್ ಡಬ್ಬವನ್ನು ಆತ ಅಲ್ಲಾಡಿಸಿದರೆ ಏಳು ಬಂದೂಕು ಒಟ್ಟಿಗೆ ಗುಂಡು ತುಂಬಿಕೊಂಡಂತೆ ಕೇಳುತ್ತಿತ್ತು.

ನಯನಾ ಅಲ್ಲಿ ಸೌಂಡ್ ಎಂಜಿನಿಯರ್. ದಾವಣಗೆರೆಯ ಮಂಡಿಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಅಂಗಡಿ ಇಟ್ಟಿರುವ ನಾಗಭೂಷಣ್ ಅವತ್ತು ಬಾಗಿಲು ಹಾಕಿ, ಮಗಳ ಕೆಲಸ ನೋಡಲು ಅವಳ ಜೊತೆಗೆ ಬಸ್ಸಿನಲ್ಲಿ ಬಂದಿದ್ದ. ಬಂದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ, ಅವನಿಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಸಬ್‌ ಇನ್‌ಸ್ಪೆಕ್ಟರ್ ಸುಧಾ ಶಟರ್ ಅರ್ಧ ಇಳಿಸಿ, ಹೊರಗೆ ಇಬ್ಬರು ಪೇದೆಗಳನ್ನು ನಿಲ್ಲಿಸಿದ್ದರು. ಶವ ಆಸ್ಪತ್ರೆಗೆ ಹೋಗಿತ್ತು. ಎಲ್ಲರ ಜೇಬು, ಚೀಲ ತಪಾಸಣೆ ಮುಗಿದಿತ್ತು. ಅಪಘಾತ ಎನ್ನುವ ಹಾಗಿರಲಿಲ್ಲ, ಏಕೆಂದರೆ ಬಾಗಿಲ ಒಳಬದಿಯ ಗುಬಟು ಮಾಯವಾಗಿತ್ತು. ಅದನ್ನು ಮೊದಲು ಕಂಡವನು ನಾಗಭೂಷಣನೇ. ಬಾಗಿಲ ತೂತಿನೊಳಗೆ, ಬೆರಳಿಗೆ ಸಿಗದ ಹಾಗೆ, ಬರೀ ಸರಳು ಉಳಿದಿತ್ತು. ಅದರ ತಿರುಪಿನ ಗೆರೆಗಳು ಹೊಳೆಯುತ್ತಿದ್ದವು, ಹೊಸದಾಗಿ ಬಿಚ್ಚಿದ್ದಕ್ಕೆ ಅದೇ ಗುರುತು. ಪೊಲೀಸರಿಗೆ ಅದನ್ನು ಹೇಳಿದವನೂ ಅವನೇ. ಹೇಳಿದ ಮೇಲೆ ಸುಧಾ ಅವರ ಕಣ್ಣು ಹೋಗಿದ್ದು ನಯನಾಳ ಮೇಜಿನ ಮೇಲಿದ್ದ ಸ್ಪ್ಯಾನರಿನ ಕಡೆಗೆ.

"ಕೆಂಪು ದೀಪದ ಸ್ವಿಚ್ ನಿನ್ನ ಹತ್ರ. ಫ್ಯಾನಿನ ಸ್ವಿಚ್ ನಿನ್ನ ಹತ್ರ. ಅವ್ರ ದಮ್ಮು ಕಾಯಿಲೆಯ ಪಂಪು ನಿನ್ನ ಮೇಜಿನ ಮೇಲೆ. ಹೆಡ್‌ಫೋನ್ ನಿನ್ನ ಕಿವೀಲಿ. ಮೂವತ್ತೆಂಟು ನಿಮಿಷ ಕೇಳ್ತಾ ಕೂತಿದ್ದೆ, ಅಲ್ಲವೇನಮ್ಮ?"

"ಜೇಬಲ್ಲಿರೋದೆಲ್ಲ ಟ್ರೇನಲ್ಲಿ ಇಟ್ಟೇ ಒಳಗೆ ಹೋಗಬೇಕು ಮೇಡಂ. ಕಾಸು, ಕೀ, ಬಳೆ, ಏನಿದ್ರೂ ಸದ್ದಾಗುತ್ತೆ. ಪಂಪೂ ಹಂಗೇ ಬಂದಿದ್ದು." ನಯನಾ ಟ್ರೇ ತೋರಿಸಿದಳು. "ಫ್ಯಾನ್ ಸದ್ದು ಮೈಕಿಗೆ ಬೀಳುತ್ತೆ, ಅದಕ್ಕೆ ಆರಿಸ್ತೀವಿ. ಕೆಂಪು ದೀಪ ಇದ್ದಾಗ ಯಾರೂ ಬಾಗಿಲು ಮುಟ್ಟಂಗಿಲ್ಲ. ಬಹಳ ಹೊತ್ತು ಮಾತೇ ಬರದಿದ್ದಾಗ ಕೊನೆಗೆ ನಾನೇ ಆರಿಸಿದೆ. ಇವತ್ತು ಅಜ್ಜಾರು ಪೂರ್ತಿ ಸೀನು ಚಿತ್ರ ನೋಡದೆ ಒಂದೇ ಉಸಿರಲ್ಲಿ ಮಾಡ್ತಾರೆ, ಅವರಾಗಿ ಮಂಗಳ ಹಾಡೋವರೆಗೆ ನಿಲ್ಲಿಸಬ್ಯಾಡ ಅಂತ ಕೊಟ್ರೇಶಿ ಮಾಮ ಹೇಳಿದ್ರು."

"ಹೌದ್ರಿ, ನಾನೇ ಹೇಳಿದ್ದು," ಎಂದ ಕೊಟ್ಟೂರೇಶಪ್ಪ ತಲೆ ಎತ್ತದೆ. "ಅವ್ರು ನನಗೆ ಹೇಳಿದ್ರು, ನಾನು ಹುಡುಗಿಗೆ ಹೇಳಿದೆ."

ಸುಧಾ ನಾಗಭೂಷಣನನ್ನು ಪಕ್ಕಕ್ಕೆ ಕರೆದರು. "ನಿನ್ನೆ ಅಜ್ಜ ನಿಮ್ಮ ಮಗಳನ್ನ ಎಲ್ಲರ ಮುಂದೆ ಬೈದಿದಾರಂತೆ. ಐದು ಗಂಟೆಗೆ ನಾನು ಮೇಲಿನವರಿಗೆ ರಿಪೋರ್ಟ್ ಕೊಡಬೇಕು. ಬೇರೆ ಏನೂ ಸಿಗದಿದ್ರೆ ಆಕೇನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಲೇಬೇಕು."

ಆ ಕಟ್ಟಡಕ್ಕೆ ಗವಾಕ್ಷಿಯೂ ಇರಲಿಲ್ಲ. ಶಟರಿನ ಕೆಳಗಿಂದ ಬರುತ್ತಿದ್ದ ಮೊಳದಷ್ಟು ಬೆಳಕೇ ಹೊರಗಿನ ಲೋಕ. ಆಟೋದ ಸದ್ದು, ಹಣ್ಣಿನವಳ ಕೂಗು ಎಲ್ಲ ಎಲ್ಲೋ ದೂರದ್ದೆನಿಸುತ್ತಿತ್ತು. ನಾಗಭೂಷಣ್ ಮಗಳ ಕಡೆ ನೋಡಿದ. ಅವಳು ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನಿಗೆ ಗೊತ್ತಿದ್ದ ದಾರಿ ಒಂದೇ. ಆ ದಾರಿಗೆ ಅವನು ಹನ್ನೆರಡು ಗಂಟೆಗೇ ಫೋನ್ ಮಾಡಿದ್ದ.

ಒಂದೂವರೆಗೆ ಶಾಂತಕುಮಾರಿ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದರು. ಕೈಯಲ್ಲಿ ಬಟ್ಟೆ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ, ಹಣೆಯಲ್ಲಿ ವಿಭೂತಿ. ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರ್ ಆಗಿದ್ದವರು. ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರು ಅಳು ನುಂಗುತ್ತಿದ್ದಾರೆ ಎನ್ನುವುದನ್ನು ಮುಖ ನೋಡದೆ ಕಲಿತವರು. ನಿವೃತ್ತಿಯಾದ ಮೇಲೆ ಊರಿನವರು ಕಳೆದುಕೊಂಡದ್ದನ್ನೆಲ್ಲ ಅವರ ಬಾಗಿಲಿಗೆ ಬಂದು ಹುಡುಕುತ್ತಿದ್ದರು. ಹೋದ ವರ್ಷ ಕುಕ್ಕುವಾಡದ ಪಂಪ್‌ಸೆಟ್ ಕಳ್ಳನನ್ನು ಒಂದು ಮಿಸ್ಡ್ ಕಾಲಿನಿಂದ ಹಿಡಿದುಕೊಟ್ಟಿದ್ದರಿಂದ ಸುಧಾ ಎದ್ದು ಕುರ್ಚಿ ಕೊಟ್ಟರು. ಎಂಟು ವರ್ಷದಿಂದ ನೆರಳಿನಂತೆ ಅವರ ಜೊತೆ ಓಡಾಡಿದ್ದ ನಾಗಭೂಷಣ್ ಮಾತ್ರ ಇವತ್ತು ಮಗಳ ಪಕ್ಕದಲ್ಲೇ ನಿಂತ.

"ಭೂಷಣ, ನೀನು ಇವತ್ತು ನನ್ನ ಜೊತೆ ಬಂದೋನಲ್ಲ. ಆ ಕೂಗು ಕೇಳಿದೋರಲ್ಲಿ ಒಬ್ಬ," ಎಂದರು ಶಾಂತಕುಮಾರಿ. "ನಂಗೆ ಏನು ಗೊತ್ತಾಗುತ್ತೋ ಅದನ್ನೇ ಹೇಳ್ತೀನಿ. ನಿನ್ನ ಮಗಳ ಕಡೆಗೆ ತೋರಿಸಿದ್ರೂ ಹೇಳ್ತೀನಿ."

"ಆಗ್ಲಿ ಶಾಂತಕ್ಕ," ಎಂದ ಅವನು. ಹಾಗನ್ನಲು ಅವನಿಗಾದ ಕಷ್ಟ ಅವನಿಗೇ ಗೊತ್ತು.

ಅವರು ಮೊದಲು ಒಬ್ಬೊಬ್ಬರನ್ನೇ ಮಾತಾಡಿಸಿದರು. ಸ್ಟುಡಿಯೋ ಮಾಲೀಕ ವಿಜಯಕುಮಾರ್ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದರು.

"ಅಜ್ಜನಿಗೂ ನನಗೂ ಜಗಳ ಇದ್ದದ್ದು ನಿಜಾರಿ. ಗೋರೋ ಬಾಯಲ್ಲಿ ಹರಿಹರದ ಮಾತು ಬರುತ್ತೆ, ಚಿತ್ರದ ತುಟಿ ನಿಂತ ಮೇಲೂ ಇವರ ಮಾತು ನಿಲ್ಲಲ್ಲ ಅಂತ ಈ ಕೆಲಸ ಕೊಟ್ಟ ಮುಂಬೈ ಪಾರ್ಟಿಯವರು ಬರೆದಿದ್ರು. ಹಂಗಂತ ಕೊಲ್ತೀನಾ? ಇವತ್ತು ನಾನೇ ಅವರ ಮನೆಗೆ ಹೋಗಿ ಕಾರಲ್ಲಿ ಕರ್ಕೊಂಡು ಬಂದೆ. ಹತ್ತೂ ಕಾಲಾಗಿತ್ತು."

"ಆಮೇಲೆ?"

"ಮಾಳಿಗೆ ಮೇಲೆ ಆಫೀಸಲ್ಲಿ ಫೋನಲ್ಲಿದ್ದೆ. ಬಾಗಿಲು ತೆಗೆದ ಮೇಲೆ ಇವರ ಕಿರುಚಾಟ ಕೇಳಿ ಕೆಳಗೆ ಬಂದೆ."

ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು. "ಗೋರೋನ ಅವನ ಸೈನಿಕರೇ ಹಡಗಿನ ಕಂಟೇನರಿಗೆ ಹಾಕಿ ಬಾಗ್ಲು ಹಾಕ್ತಾರೆ ನೋಡ್ರಿ, ಅದೇ ಸೀನು. ಒಂದು ನಿಮಿಷ ನೆಟ್ಟಗೆ ಮಾತಾಡಿದ್ರು. ಆಮೇಲೆ ನಮ್ಮ ಭಾಷೇಗೆ ಇಳಿದ್ರು. ಉಸ್ರು ಕಟ್ತೈತೆ, ತೆಗೀರಲೇ ಅಂತ. ಅವ್ರು ಯಾವಾಗ್ಲೂ ಹಂಗೇ ಅಲ್ವಾ, ಮಾತು ಸೇರಿಸ್ಕೊಂಡು ಹೋಗೋರು. ಭೂಷಣ್ಣಾರು ಶಭಾಷ್ ಅಂದ್ರು. ಕೊಟ್ರೇಶಿ, ತಲಿ ನೋಯ್ತೈತೆ ಅಂತ ಸ್ಪೀಕರ್ ಸಣ್ಣದು ಮಾಡಿ ಚಾ ಕುಡಿಯಾಕ ಹೋದ."

"ಅವ್ರು ಸುಮ್ಮನಾದ ಮೇಲೂ ಯಾಕ ಬಾಗಿಲು ತೆಗೀಲಿಲ್ಲ ನೀಲಕ್ಕ?"

"ಕಂಪನೀಲಿ ಸಾಯೋ ಸೀನು ಬಂದ್ರೆ ಅವ್ರು ಐದೈದು ನಿಮಿಷ ಅಲ್ಲಾಡ್ತಿರಲಿಲ್ಲ. ಮಧ್ಯೆ ಹೋದ್ರೆ ಕಪಾಳಕ್ಕೆ ಬೀಳೋದು. ಆಟದೊಳಗೆ ಯಾವುದು ಆಟ, ಯಾವುದು ಖರೆ ಅಂತ ಹೆಂಗೆ ತಿಳಿಯಾದು? ಹಿಂದೆ ಕಂಪನಿಯ ಹದಡಿ ಕ್ಯಾಂಪಿನಲ್ಲೂ ಹಿಂಗೇ ಆಗಿತ್ತು. ಡಕಾಯಿತನ ಪೆಟ್ಟಿಗೆ ಒಳಗೆ ನಮ್ಮ ಕೊಟ್ರೇಶಿ..."

"ಅದೆಲ್ಲ ಈಗ್ಯಾಕ ನೀಲಕ್ಕ," ಎಂದ ಕೊಟ್ಟೂರೇಶಪ್ಪ ಮೂಲೆಯಿಂದ. ಮೆತ್ತಗೇ ಹೇಳಿದ.

"ನಿನ್ನೆ ಈ ಕೋಣೆ ಕೊನೆಗೆ ಬಳಸಿದೋರು ಯಾರು?" ಶಾಂತಕುಮಾರಿ ನೀಲಕ್ಕನನ್ನು ಕೇಳಿದರು.

"ನಾನೇ. ಸಂಜೆ ಏಳಕ್ಕೆ. ಒಳಗಿಂದ ನಾನೇ ಗುಬಟು ಒತ್ತಿ ಆಚೆ ಬಂದೆ. ಆಮೇಲೆ ನಾನು, ನಯನಾ, ವಿಜಯಕುಮಾರ್ ಒಟ್ಟಿಗೇ ದಾವಣಗೆರೆಗೆ ಹೋದ್ವಿ. ಕೊಟ್ರೇಶಿ ಇಲ್ಲೇ ಹರಿಹರದೋನು, ಕೀಲಿ ಅವನತ್ರ. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ನಾನು ಬಂದಾಗ ಡಬ್ಬ ಕೈಯಲ್ಲೇ ಹಿಡ್ಕೊಂಡು ನಿಂತಿದ್ದ, ಬಂದೂಕಿನ ಸದ್ದು ಮುಗಿಸಿಬಿಡೋಣ ಅಂತ. ನಾನು ಸಣ್ಣ ರೆಕಾರ್ಡರ್ ಹಿಡಿದೆ."

ಶಾಂತಕುಮಾರಿ ದನಿಕೋಣೆಯೊಳಗೆ ಹೋಗಿ ಅಲ್ಲಿದ್ದ ಸಂಭಾಷಣೆಯ ಹಾಳೆ ತಂದರು. ಅದನ್ನು ಬೆಳಕಿಗೆ ಹಿಡಿದು ನೋಡಿ ಮಡಿಚಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ನಯನಾಳ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಏರಿಸಿದರು. ಮೂವತ್ತೆಂಟು ನಿಮಿಷ, ಕಣ್ಣು ಮುಚ್ಚಿಕೊಂಡು, ಒಂದೇ ಭಂಗಿಯಲ್ಲಿ. ಒಂದು ಕಡೆ ಬೆರಳೆತ್ತಿ ಗಡಿಯಾರ ನೋಡಿದರು. ಇನ್ನೊಂದು ಕಡೆ, ಅರ್ಧ ದಾಟಿದ ಮೇಲೆ, ದನಿಯನ್ನು ಪೂರ್ತಿ ಏರಿಸಲು ಹೇಳಿದರು. ಆಗ ಅವರ ಮುಖ ಬಾಡಿದ್ದನ್ನು ನಾಗಭೂಷಣ್ ನೋಡಿದ. ಮಗಳದ್ದೇನೋ ತಪ್ಪು ಸಿಕ್ಕಿತು ಎಂದುಕೊಂಡು ಅವನು ಅವಳ ಕಡೆ ಸರಿದು ನಿಂತ.

"ಇನ್ನು ಈ ಕಟ್ಟಡದಲ್ಲಿ ನಿನ್ನೆ ಇವತ್ತು ಏನೇನು ರೆಕಾರ್ಡ್ ಆಗಿದೆಯೋ ಎಲ್ಲಾ ಹಾಕು ತಾಯಿ," ಎಂದರು.

ನಯನಾ ಹಾಕಿದಳು. ನಿನ್ನೆಯ ಮಾತು, ನಿನ್ನೆಯ ಬಂದೂಕು, ಇವತ್ತು ಬೆಳಗಿನ ಬಂದೂಕು. ಬಂದೂಕಿನ ಸದ್ದನ್ನು ಶಾಂತಕುಮಾರಿ ಎರಡೆರಡು ಸಲ ಕೇಳಿದರು.

"ಒಂದೇ ಡಬ್ಬ, ಒಂದೇ ಕೈ ಅಲ್ವಾ?"

"ಹೌದು ಅಜ್ಜಿ. ಕೊಟ್ರೇಶಿ ಮಾಮನೇ."

"ಮಧ್ಯೆ ಯಾರಾದ್ರೂ ಡಬ್ಬಕ್ಕೆ ಹೊಸದಾಗಿ ಏನಾದ್ರೂ ಹಾಕಿದ್ರಾ?"

"ಇಲ್ಲ. ಹಾಕಿದ್ರೆ ಹಳೇ ಸದ್ದಿಗೆ ಹೊಂದಲ್ಲ. ಅದಕ್ಕೇ ಯಾರೂ ಮುಟ್ಟಲ್ಲ."

ನಾಲ್ಕು ಗಂಟೆಗೆ ಅವರು ಎಲ್ಲರನ್ನೂ ಸ್ಪೀಕರಿನ ಮುಂದೆ, ಬೆಳಿಗ್ಗೆ ಎಲ್ಲಿ ಕೂತಿದ್ದರೋ ಅಲ್ಲೇ ಕೂಡಿಸಿದರು. ವಿಜಯಕುಮಾರ್ ನಿಂತೇ ಇದ್ದರು. ಸುಧಾ ಗೋಡೆಗೆ ಒರಗಿ ಕೈಕಟ್ಟಿಕೊಂಡರು. ನಾಗಭೂಷಣ್ ಮಗಳ ಪಕ್ಕ ಕೂತು ಅವಳ ಕೈ ಹಿಡಿದ.

"ಮೊದಲು ಇದನ್ನ ಕೇಳ್ರಿ," ಎಂದರು ಶಾಂತಕುಮಾರಿ.

ಪಂಚಾಕ್ಷರಪ್ಪನವರ ಕಂಠ ಹಾಲ್ ತುಂಬಿತು. 'ಬಾಗಿಲು ತೆಗೆಯಿರಿ. ನಾನು ನಿಮ್ಮ ಯಜಮಾನ. ನಿಮಗೆ ಅನ್ನ ಹಾಕಿದವನು.' ಮಾತು ಮುಗಿಯಿತು, ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ 'ತೆಗೀರಲೇ' ಎಂಬ ಕೂಗು. ಶಾಂತಕುಮಾರಿ ಅಲ್ಲಿಗೆ ನಿಲ್ಲಿಸಿದರು.

"ಎರಡು ದನಿಗೂ ಫರಕು ಗೊತ್ತಾತಾ ನೀಲಕ್ಕ?"

ನೀಲಕ್ಕ ತಡೆದು ಹೇಳಿದರು. "ಎರಡನೇದು ದೂರದಿಂದ ಬಂದಂಗೈತೆ."

"ದೂರದಿಂದ ಅಲ್ಲ. ಮೈಕಿಗೆ ಬೆನ್ನು ಹಾಕಿ ಕೂಗಿದಾರೆ, ಬಾಗಿಲ ಕಡೆ ಮುಖ ಮಾಡಿ. ಫೋನಿನಲ್ಲಿ ಮಾತಾಡ್ತಾ ಯಾರಾದ್ರೂ ಪಕ್ಕಕ್ಕೆ ತಿರುಗಿದ್ರೂ ನಂಗೆ ಗೊತ್ತಾಗೋದು. ನೀವೇ ಹೇಳ್ರಿ, ಕಂಪನಿ ನಟ ಪ್ರೇಕ್ಷಕರಿಗೆ ಬೆನ್ನು ತೋರಿಸ್ತಾನಾ?"

"ಎಂದಿಗೂ ಇಲ್ಲ," ಎಂದರು ನೀಲಕ್ಕ. ಆ ಮೇಲೆ ಅರ್ಥವಾಗಿ ಬಾಯಿಗೆ ಸೆರಗು ಒತ್ತಿಕೊಂಡರು.

"ಐವತ್ತು ವರ್ಷ ಬೆನ್ನು ತೋರಿಸದೋರು ಒಂದು ನಿಮಿಷ ಹತ್ತು ಸೆಕೆಂಡಿಗೆ ತಿರುಗಿದ್ರು. ಆಟ ಅಲ್ಲಿಗೆ ಮುಗೀತು. ಉಳಿದಿದ್ದೆಲ್ಲ ಖರೆ." ಅವರು ಚೀಲದಿಂದ ಹಾಳೆ ತೆಗೆದರು. "ಇದು ಅವರ ಹಾಳೆ. ಪೆನ್ಸಿಲಿನಲ್ಲಿ ಅವರೇ ಬರೆದಿದಾರೆ, ನಲವತ್ತು ಸೆಕೆಂಡು ಅಂತ. ಉಸಿರು ತಗೊಳ್ಳೋ ಕಡೆ ಮೂರೇ ಗೆರೆ. ದಮ್ಮಿನ ಮನುಷ್ಯ, ಅಳೆದು ಗುರುತು ಹಾಕಿಕೊಂಡಿದಾರೆ. ಅಂದ್ರೆ ಅವರು ನಲವತ್ತು ಸೆಕೆಂಡು ಮಾತಾಡಿ ಆಚೆ ಬರೋಕೆ ತಯಾರಾಗಿ ಒಳಗೆ ಹೋದೋರು. ಮಂಗಳ ಹಾಡೋವರೆಗೆ ನಿಲ್ಲಿಸಬ್ಯಾಡ ಅನ್ನೋ ಮಾತು ಅವರದ್ದಲ್ಲ."

ಎಲ್ಲರ ಕಣ್ಣೂ ಒಂದು ಕಡೆ ತಿರುಗಿದವು. ಕೊಟ್ಟೂರೇಶಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಮೇಡಂ, ಇದು ಅವರ ಮಾತು, ಇವರ ಮಾತು ಅಷ್ಟೇ ಆಯ್ತು," ಎಂದರು ಸುಧಾ. "ಗುಬಟು ಬಿಚ್ಚಿದೋರು ಯಾರು ಅಂತ ಬೇಕು."

"ಅದನ್ನೇ ಹೇಳ್ತೀನಿ. ಡಬ್ಬ ತಗೊಂಡು ಬಾ ಭೂಷಣ."

ನಾಗಭೂಷಣ್ ಬಿಸ್ಕತ್ ಡಬ್ಬ ತಂದ. ನಡೆಯುವಾಗ ಅದು ತಾನಾಗಿ ಸದ್ದು ಮಾಡಿತು. ಶಾಂತಕುಮಾರಿ ನಯನಾಳಿಗೆ ಸನ್ನೆ ಮಾಡಿದರು. ಮೊದಲು ನಿನ್ನೆಯ ಸದ್ದು ಬಂತು, ಚಟಪಟ ಚುರುಕಾಗಿ. ಆಮೇಲೆ ಇವತ್ತು ಬೆಳಗಿನದು. ಅದೇ ಚಟಪಟ, ಆದರೆ ನಡುನಡುವೆ ಏನೋ ದಪ್ಪದ್ದೊಂದು ತಳಕ್ಕೆ ಬಿದ್ದು ಧಡ್ ಎನ್ನುತ್ತಿತ್ತು. ಒಮ್ಮೆ ಕೇಳಿಸಿದ ಮೇಲೆ ಆ ಧಡ್ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

"ಸುರುವು," ಎಂದರು.

ನಾಗಭೂಷಣ್ ಡಬ್ಬವನ್ನು ನೆಲದ ಮೇಲೆ ಬೋರಲು ಹಾಕಿದ. ತುಕ್ಕು ಹಿಡಿದ ನಟ್ಟು ಬೋಲ್ಟುಗಳ ನಡುವೆ ಅಂಗೈಯಗಲದ ಉಕ್ಕಿನ ಗುಬಟೊಂದು ಉರುಳಿ ಬಂದು ಅವನ ಕಾಲಿನ ಹತ್ತಿರ ನಿಂತಿತು. ಅದನ್ನು ಬಿಟ್ಟು ಉಳಿದದ್ದನ್ನು ತುಂಬಿ ಅಲ್ಲಾಡಿಸಿದರೆ ನಿನ್ನೆಯ ಸದ್ದು. ಸೇರಿಸಿ ಅಲ್ಲಾಡಿಸಿದರೆ ಇವತ್ತಿನ ಸದ್ದು. ಸುಧಾ ಅವರೇ ಎರಡು ಸಲ ಮಾಡಿ ನೋಡಿ, ಗುಬಟನ್ನು ಕರ್ಚೀಫಿನಲ್ಲಿ ಸುತ್ತಿಟ್ಟುಕೊಂಡರು.

"ನಿನ್ನೆ ಸಂಜೆ ಏಳಕ್ಕೆ ನೀಲಕ್ಕ ಒಳಗಿಂದ ಬಾಗಿಲು ತೆಗೆದಾಗ ಇದು ಬಾಗಿಲಲ್ಲೇ ಇತ್ತು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ನೀಲಕ್ಕ ಬಂದಾಗ ಡಬ್ಬದ ಒಳಗಿತ್ತು, ರೆಕಾರ್ಡರ್ ಸಾಕ್ಷಿ ಐತೆ. ನಯನಾ ಬಂದಿದ್ದು ಹತ್ತಕ್ಕೆ, ಅಪ್ಪನ ಜೊತೆ. ವಿಜಯಕುಮಾರ್ ಬಂದಿದ್ದು ಹತ್ತೂ ಕಾಲಿಗೆ, ಪಂಚಾಕ್ಷರಪ್ಪಾರ ಜೊತೆ. ನೀಲಕ್ಕ ಬಂದಾಗ ಡಬ್ಬ ಆಗಲೇ ಒಬ್ಬರ ಕೈಯಲ್ಲಿತ್ತು. ನಡುವಿನ ಹೊತ್ತಿನಲ್ಲಿ ಕೀಲಿ ಇದ್ದದ್ದು ಆ ಒಬ್ಬರ ಹತ್ರ ಮಾತ್ರ. ಕಬ್ಬಿಣದ ನಡುವೆ ಕಬ್ಬಿಣ ಬಚ್ಚಿಟ್ರೆ ಕಣ್ಣಿಗೆ ಕಾಣಲ್ಲ ಅಂದ್ಕೊಂಡ್ರಿ ಕೊಟ್ಟೂರೇಶಪ್ಪಾರೇ. ಅದೇ ಡಬ್ಬ ಅಲ್ಲಾಡಿಸೋದು ನಿಮ್ಮ ಕೆಲಸ ಅನ್ನೋದು ಮರೆತ್ರಿ. ನೀಲಕ್ಕ ಬೇಗ ಬಂದುಬಿಟ್ರು, ಬೇರೆ ಕಡೆ ಇಡೋಕೆ ಪುರುಸೊತ್ತಾಗಲಿಲ್ಲ."

ಮತ್ತೆ ಬಂದು ಕೂತ ನಾಗಭೂಷಣನ ಹಿಡಿತದಲ್ಲಿ ಮಗಳ ಕೈ ಮೊದಲ ಸಲ ಬಿಗಿಯಾಯಿತು. ಅವನ ಕಣ್ಣುಗಳು ತುಂಬಿ ಬಂದವು. ಆದರೆ ಸಂತೋಷ ಎನ್ನುವ ಹಾಗಿರಲಿಲ್ಲ, ಎದುರಿಗೆ ಕೂತಿದ್ದವನು ಎಂಟು ತಿಂಗಳಿಂದ ಇವಳಿಗೆ ಮಿರ್ಚಿ ಮಂಡಕ್ಕಿ ತಂದು ಕೊಡುತ್ತಿದ್ದ ಮಾಮ.

"ಹದಡಿ ಕ್ಯಾಂಪಿನಲ್ಲಿ ಏನಾತು, ಅದನ್ನು ಈಗ ಹೇಳ್ರಿ," ಎಂದರು ಶಾಂತಕುಮಾರಿ. ದನಿ ಮೆತ್ತಗಾಗಿತ್ತು.

ಕೊಟ್ಟೂರೇಶಪ್ಪ ಆ ಒಡಕು ದನಿಯಲ್ಲಿ ನಿಧಾನ ಶುರು ಮಾಡಿದ.

"ಆಗ ನಂಗೆ ಮೂವತ್ತೊಂದು. ನನ್ನ ದನಿ ಹಿಂಗಿರಲಿಲ್ಲರಿ, ನೀಲಕ್ಕನ್ನ ಕೇಳ್ರಿ. ಮುಂದಿನ ನಾಟಕಕ್ಕೆ ನಾನೇ ನಾಯಕ ಅಂತ ಮಾತಾಗಿತ್ತು. ಅವತ್ತು ಡಕಾಯಿತ ನನ್ನನ್ನ ಪೆಟ್ಟಿಗೆಗೆ ಹಾಕೋ ಸೀನು. ಪೆಟ್ಟಿಗೆ ಹಿಂದೆ ಬಾಗ್ಲಿತ್ತು, ಅದರಿಂದ ಜಾರಿಕೊಂಡು ಪರದೆ ಹಿಂದೆ ಹೋಗಬೇಕು. ಅವತ್ತು ಆ ಬಾಗ್ಲು ಕಚ್ಚಿಕೊಂಡು ಬಿಡ್ತು. ನಾನು ಕೂಗಿದೆ. ಜನ ಚಪ್ಪಾಳೆ ಹೊಡೆದ್ರು. ನಾನು ಇನ್ನೂ ಕೂಗಿದೆ, ಅವ್ರು ಇನ್ನೂ ಹೊಡೆದ್ರು. ಡಕಾಯಿತ ಆಗಿದ್ದ ಯಜಮಾನ್ರು ಆ ಪೆಟ್ಟಿಗೆ ಮೇಲೆ ಒಂದು ಕಾಲಿಟ್ಕೊಂಡು ಮಾತಾಡ್ತಿದ್ರು. ಇಪ್ಪತ್ತು ನಿಮಿಷ. ಅವ್ರಿಗೆ ಗೊತ್ತಿತ್ತು. ಕೊನೆಗೆ ತೆಗೆದಾಗ ಏನಂದ್ರು ಗೊತ್ತೇನ್ರಿ? 'ಜನ ಕುಂತು ಕೇಳ್ತಿದ್ರಲೇ, ಹೆಂಗೆ ನಿಲ್ಲಿಸ್ಲಿ' ಅಂದ್ರು."

"ದನಿ ಅವತ್ತೇ ಹೋತು," ಎಂದರು ನೀಲಕ್ಕ ಅಳುತ್ತಾ.

"ಅವತ್ತಿಂದ ನಾನು ಆ ಪೆಟ್ಟಿಗೆ ಬಿಟ್ಟು ಆಚೆ ಬಂದೇ ಇಲ್ಲ ನೀಲಕ್ಕ. ಬಾಗ್ಲಿಲ್ಲದ ಕೋಣೇಲಿ ಮಲಗೋಕೆ ಆಗಲ್ಲ, ಬಾಗ್ಲು ಹಾಕಿದ ಕೋಣೇಲೂ ಆಗಲ್ಲ. ಇಲ್ಲಿ ಗೋರೋನ ಸೀನು ಓದಿದೆ. ಅವನ ಸೈನಿಕರೇ ಅವನ್ನ ಹಾಕ್ತಾರೆ. ಆ ಸೈನಿಕರ ದನಿ ನಂದು. ಹತ್ತು ನಿಮಿಷ ಅವ್ರಿಗೂ ಗೊತ್ತಾಗ್ಲಿ ಅನ್ನಿಸ್ತು. ಕೊಲ್ಲಾಕಲ್ಲರಿ. ಆ ಪಂಪು ಟ್ರೇನಲ್ಲಿ ಕಂಡಿತ್ತು ನಂಗೆ. ಕಂಡ್ರೂ ಕೂತೆ."

"ಹತ್ತು ನಿಮಿಷ ಆದ್ಮೇಲೆ ಯಾಕ ತೆಗೀಲಿಲ್ಲ?" ಸುಧಾ ಕೇಳಿದರು.

"ಕಾಯ್ತಾ ಇದ್ದೆ. ನಲವತ್ತು ವರ್ಷ ಅವ್ರ ಜೊತೆ ದುಡಿದೆ ಮೇಡಂ, ಒಂದು ದಿನ ಹೆಸರು ಹಿಡಿದು ಕರೀಲಿಲ್ಲ. ಲೇ, ಇವನೇ, ಅಷ್ಟೇ. ಎಲ್ಲರಿಗೂ ಹಂಗೇ. ಒಂದೇ ಒಂದು ಸಲ ಹೆಸರು ಹಿಡಿದು, ತಪ್ಪಾತು ಅಂದಿದ್ರೆ ಓಡಿ ಹೋಗಿ ತೆಗೀತಿದ್ದೆ. ಅನ್ನಲಿಲ್ಲ. ನಂಗೆ ಕೇಳೋಕಾಗಲಿಲ್ಲ, ಸ್ಪೀಕರ್ ಸಣ್ಣದು ಮಾಡಿ ಆಚೆ ಹೋದೆ."

ನಯನಾ ತಲೆ ತಗ್ಗಿಸಿದಳು. "ಅಜ್ಜಾರು ಜೋರಾಗಿ ಕೂಗಿದ್ದಕ್ಕೆ ನಾನೂ ಹೆಡ್‌ಫೋನ್ ಸಣ್ಣದು ಮಾಡಿದ್ದೆ. ಆಮೇಲೆ ಏರಿಸ್ಲೇ ಇಲ್ಲ."

"ನಾನು ಶಭಾಷ್ ಅಂದೆ," ಎಂದ ನಾಗಭೂಷಣ್. ಯಾರೂ ಕೇಳದಿದ್ದರೂ ಅದನ್ನು ಬಾಯಿಬಿಟ್ಟು ಹೇಳಿದ. ಬಾಗಿಲು ಅವನಿಂದ ಎಂಟು ಹೆಜ್ಜೆ ದೂರವಿತ್ತು.

ಶಾಂತಕುಮಾರಿ ಎದ್ದು ನಿಂತರು. ಮುಂದಿನದನ್ನು ಮಾಡಬೇಕೋ ಬೇಡವೋ ಎಂದು ಅವರು ಯೋಚಿಸುತ್ತಿರುವುದು ನಾಗಭೂಷಣನಿಗೆ ತಿಳಿಯಿತು. ಎಂಟು ವರ್ಷದಲ್ಲಿ ಅವರು ಹಾಗೆ ಅಳುಕಿದ್ದನ್ನು ಅವನು ನೋಡಿರಲಿಲ್ಲ.

"ಒಂದು ಕರೆ ಬಂದಿದ್ರೆ ಅದನ್ನ ಸೇರಬೇಕಾದೋರಿಗೆ ಸೇರಿಸೋದೇ ನನ್ನ ಕೆಲಸ ಆಗಿತ್ತು," ಎಂದರು ಕೊನೆಗೆ. "ಇದು ನಿಮಗೆ ಬಂದಿದ್ದು ಕೊಟ್ಟೂರೇಶಪ್ಪಾರೇ. ಇಪ್ಪತ್ತಾರನೇ ನಿಮಿಷಕ್ಕೆ. ನಯನಾ, ಪೂರ್ತಿ ಏರಿಸು."

ಸ್ಪೀಕರಿನಿಂದ ಮೊದಲು ಗಾಳಿಯಂಥ ಗೊರಗೊರ ಸದ್ದು ಬಂತು. ಆಮೇಲೆ ನಾಟಕದ ದನಿಯಲ್ಲ, ಗೋರೋನದ್ದಂತೂ ಅಲ್ಲ, ದಮ್ಮು ಹಿಡಿದ ಒಬ್ಬ ಮುದುಕನ ದನಿ. ಮೈಕಿಗೆ ಬೆನ್ನು ಹಾಕಿ, ಬಾಗಿಲಿಗೆ ಬಾಯಿ ಹಚ್ಚಿ ಹೇಳುತ್ತಿದ್ದ ಹಾಗಿತ್ತು.

'ಕೊಟ್ರೇಶಿ... ಹದಡಿ ಪೆಟ್ಟಿಗೆ... ನಂಗೊತ್ತಿತ್ತು ಕಣೋ. ತಪ್ಪಾತು ಕೊಟ್ರೇಶಿ.'

ಅಷ್ಟೇ. ಮತ್ತೆ ಗೊರಗೊರ, ಮತ್ತೆ ಏನೂ ಇಲ್ಲ. ನಯನಾ ಸ್ಪೀಕರ್ ಆರಿಸಿದಳು. ಶಟರಿನ ಕೆಳಗಿನ ಬೆಳಕು ಆಗಲೇ ಓರೆಯಾಗಿತ್ತು.

ಕೊಟ್ಟೂರೇಶಪ್ಪ ಎದ್ದ. ಶಟರಿನ ಬಳಿಯಿಂದ ಪೇದೆ ಮುಂದೆ ಬಂದ, ಸುಧಾ ಕೈಸನ್ನೆಯಿಂದ ಅವನನ್ನು ತಡೆದರು. ಕೊಟ್ಟೂರೇಶಪ್ಪ ಯಾರನ್ನೂ ನೋಡದೆ, ಅವಸರವಾಗಿ, ಮುಗ್ಗರಿಸುತ್ತಾ ಎಂಟು ಹೆಜ್ಜೆ ನಡೆದು ದನಿಕೋಣೆಯ ಹಿಡಿಕೆಗೆ ಎರಡೂ ಕೈ ಹಾಕಿದ. ಒಳಗೆ ಯಾರೂ ಇಲ್ಲದ ಆ ಬಾಗಿಲನ್ನು ಎಳೆದು ತೆಗೆದ.